ಕಪ್ಪೆಗೆ ಹಾಕಿದ ಮುಯ್ಯಿ

ವೃಂದಾ ಮಡಗಾಸ್ಕರಿಗೆ ಹೋಗುವ ಮಾತೆತ್ತಿದ ದಿನ ಜಯಲಕ್ಷ್ಮಿ ಮೊದಲು ಕೇಳಿದ್ದು, ಅಲ್ಲಿ ಮೊಸರು ಸಿಗುತ್ತದೆಯೇ ಎಂದು. ಆಮೇಲೆ ಕೇಳಿದ್ದು, ವಿಮಾನದ ಟಿಕೆಟ್ಟಿಗೆ ದುಡ್ಡು ಕೊಡುವವರು ಯಾರು ಎಂದು. ಮೊದಲನೆಯದಕ್ಕೆ ಮಾತ್ರ ಹುಡುಗಿಯ ಹತ್ತಿರ ಉತ್ತರವಿತ್ತು.

ವೃಂದಾ ಜಯಲಕ್ಷ್ಮಿಯ ತಮ್ಮನ ಮಗಳು. ತಮ್ಮನ ಸಂಸಾರ ಕೊಯಮತ್ತೂರಿನಲ್ಲಿ. ಕಾಲೇಜಿಗೆಂದು ಮದರಾಸಿನ ತ್ರಿಪ್ಲಿಕೇನಿನ ಅತ್ತೆಯ ಮನೆಗೆ ಬಂದ ಹುಡುಗಿ ಎಂ.ಎಸ್ಸಿ. ಮುಗಿದ ಮೇಲೂ ಅಲ್ಲೇ ಉಳಿದುಕೊಂಡಳು. ಅಡ್ಯಾರಿನಲ್ಲಿ ಕಪ್ಪೆ, ಹಲ್ಲಿ, ಹಾವುಗಳ ಮೇಲೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ಅವಳಿಗೆ ಸಂಬಳ ಕೊಡುತ್ತಿತ್ತು. ಸಂಬಳ ಎನ್ನುವುದಕ್ಕಿಂತ ಬಸ್ಸಿನ ಖರ್ಚು ಎನ್ನುವುದೇ ಸರಿ ಎಂದು ಜಯಲಕ್ಷ್ಮಿಯ ಗಂಡ ಹರಿದಾಸರ ಅಭಿಪ್ರಾಯ. ಈಗ ಮಡಗಾಸ್ಕರಿನ ಪೂರ್ವದ ಕಾಡುಗಳಲ್ಲಿ ಕಪ್ಪೆಗಳನ್ನೂ ಗೋಸುಂಬೆಗಳನ್ನೂ ಎಣಿಸಿ ದಾಖಲಿಸುವ ತಂಡವೊಂದು ಅವಳನ್ನು ಆರಿಸಿತ್ತು. ಜನವರಿಯ ಮಳೆಯಲ್ಲಿ ಕೆಲಸ ಶುರು. ಅಲ್ಲಿ ಇಳಿದ ಮೇಲೆ ಊಟ, ಡೇರೆ, ಜೀಪು ಎಲ್ಲ ತಂಡದ್ದು. ಇಳಿಯುವವರೆಗಿನದು ಅವಳದು.

ಪ್ರಯಾಣದ ಖರ್ಚು ಕೊಡುವ ನಾಲ್ಕಾರು ಕಡೆಗೆ ಅವಳು ಅರ್ಜಿ ಹಾಕಿದಳು. ಎಲ್ಲರೂ ಬಹಳ ಸೌಜನ್ಯದಿಂದ ಇಲ್ಲವೆಂದರು. ಆಮೇಲೆ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದು, ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಕಪ್ಪೆಯ ಚಿತ್ರ ಹಾಕಿ, ಇದು ಉಳಿಯಬೇಕಾದರೆ ಮೊದಲು ಎಲ್ಲೆಲ್ಲಿ ಉಳಿದಿದೆ ಎಂದು ತಿಳಿಯಬೇಕು, ನೆರವಾಗಿ ಎಂದು ಬರೆದಳು. ನೋಡಿದವರೆಲ್ಲ ಕೆಂಪು ಹೃದಯ ಕಳಿಸಿದರು. ದುಡ್ಡು ಕಳಿಸಿದವರು ಅವಳ ಇಬ್ಬರು ಸ್ನೇಹಿತೆಯರು ಮತ್ತು ಹರಿದಾಸರು. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಸೋದರಸಂಬಂಧಿ, ‘ಗೋಸುಂಬೆ ನೋಡೋಕೆ ಅಷ್ಟು ದೂರ ಯಾಕಮ್ಮ, ನಮ್ಮ ಆಫೀಸಿಗೆ ಬಾ’ ಎಂದು ಬರೆದ. ಅದಕ್ಕೆ ಪುಟಕ್ಕಿಂತ ಹೆಚ್ಚು ಹೃದಯಗಳು ಬಿದ್ದವು.

“ಹುಲಿ ಅಂದ್ರೆ ಜನ ಕೊಡ್ತಾರೆ. ಕಪ್ಪೆಗೆ ಯಾರು ಕೊಡ್ತಾರೆ?” ಎಂದರು ಹರಿದಾಸರು. ಬಂದರಿನ ಆಫೀಸಿನಲ್ಲಿ ಮೂರು ದಶಕ ಕಳೆದು ನಿವೃತ್ತರಾದ ಅವರಿಗೆ ಎಲ್ಲ ವಿಷಯದಲ್ಲೂ ಒಂದು ಸಲಹೆ ಸಿದ್ಧವಿರುತ್ತಿತ್ತು. “ನೀನು ಹುಲೀನ ಓದಬೇಕಾಗಿತ್ತು ವೃಂದಾ.”

“ಮಡಗಾಸ್ಕರಲ್ಲಿ ಹುಲಿ ಇಲ್ಲ ಮಾವ.”

“ಅದನ್ನೇ ಹೇಳಿದ್ದು. ಟಿಕೆಟ್ಟೂ ಬೇಕಾಗ್ತಿರಲಿಲ್ಲ.”

ವೃಂದಾ ನಕ್ಕಳು. ಆದರೆ ಊಟ ಮುಗಿಯುವವರೆಗೆ ಆಮೇಲೆ ಮಾತಾಡಲಿಲ್ಲ. ಜಯಲಕ್ಷ್ಮಿಗೆ ಅದು ಕಾಣಿಸಿತು. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸಿದವಳು ಅವಳು. ಉತ್ತರ ಬಾರದೆ ಸುಮ್ಮನಿರುವ ಹುಡುಗಿಗೂ, ಉತ್ತರ ಬಂದರೂ ಕೇಳುವವರಿಲ್ಲವೆಂದು ಸುಮ್ಮನಿರುವ ಹುಡುಗಿಗೂ ಇರುವ ವ್ಯತ್ಯಾಸ ಗೊತ್ತಿತ್ತು.

ಮಾರನೆಯ ದಿನ ಅವಳು ಮಡಿಬಟ್ಟೆ ಒಣಗಿಸಲು ತಾರಸಿಗೆ ಹೋದಾಗ ವೃಂದಾ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೂಟಿನ ಅಡಿಯ ಗೆರೆಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದಳು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯಿತು.

“ಅಷ್ಟು ತಿಕ್ಕಬೇಕಾ? ಮಣ್ಣು ಹೋಗಿಯಾಯ್ತಲ್ಲೇ.”

“ಮಣ್ಣಿಗಲ್ಲ ಅತ್ತೆ. ಒಂದು ಫಂಗಸ್ ಇದೆ. ಕಪ್ಪೆ ಚರ್ಮಕ್ಕೆ ಬಂದ್ರೆ ಅದು ಉಸಿರಾಡೋದೇ ಕಷ್ಟ. ಒಂದು ಕೊಳದಿಂದ ಇನ್ನೊಂದು ಕೊಳಕ್ಕೆ ನಮ್ಮ ಬೂಟಲ್ಲೇ ಹೋಗುತ್ತೆ. ಅದಕ್ಕೇ ಪ್ರತಿ ಸಲ ತೊಳೀಬೇಕು, ಒಣಗಿಸಬೇಕು. ಒಂದು ಕಪ್ಪೆ ಮುಟ್ಟಿದ ಗ್ಲೌಸಲ್ಲಿ ಇನ್ನೊಂದನ್ನ ಮುಟ್ಟೋ ಹಾಗಿಲ್ಲ.”

ಜಯಲಕ್ಷ್ಮಿಗೆ ಇದು ತಟ್ಟನೆ ಹಿಡಿಸಿತು. “ಹಾಗಾದ್ರೆ ಇದು ಮಡಿ.”

“ಮಡಿ ಇಲ್ಲ ಅತ್ತೆ,” ಎಂದಳು ವೃಂದಾ ತಲೆ ಎತ್ತದೆ, ತನ್ನ ತಮಿಳು ಬೆರೆತ ಕನ್ನಡದಲ್ಲಿ. “ನಿಮ್ಮ ಮಡೀಲಿ ಮಿಕ್ಕವರು ಮೈಲಿಗೆ. ಇದ್ರಲ್ಲಿ ನಾವೇ ಮೈಲಿಗೆ. ಕಪ್ಪೆ ಶುದ್ಧ.”

ಸಿಟ್ಟಿನ ಮಾತಲ್ಲ, ಬ್ರಷ್ಷು ತಿಕ್ಕುತ್ತಲೇ ಹೇಳಿದ್ದು. ಜಯಲಕ್ಷ್ಮಿ ಕೋಲಿನಿಂದ ಸೀರೆಯನ್ನು ಮೇಲಿನ ಗಳುವಿಗೆ ಏರಿಸಿದಳು. ಏರಿಸುವಾಗ ಎರಡು ಸಲ ಜಾರಿತು. ಕೆಳಗೆ ಬಂದವಳು ಗಂಡನಿಗೆ, “ಇವಳನ್ನ ಕಳಿಸಬೇಕು ರೀ,” ಎಂದಳು.

“ಯಾವುದರಲ್ಲಿ ಕಳಿಸೋದು? ಪಾರ್ಸಲ್ಲಿನಲ್ಲಾ?”

“ಗೊಜ್ಜು ಮಾಡೋಣ. ಮಾರೋಣ.”

ಜಯಲಕ್ಷ್ಮಿಯ ಪುಳಿಯೋಗರೆ ಗೊಜ್ಜಿಗೆ ಮೈಲಾಪುರದಿಂದ ಅಡ್ಯಾರಿನವರೆಗೆ ಹೆಸರಿತ್ತು. ಅದನ್ನು ಆಕೆ ಒಮ್ಮೆಯೂ ಮಾರಿದವಳಲ್ಲ. ಮದುವೆ ಮುಂಜಿಗೆ ಹೋದವರು ಬಾಟಲಿ ಮುಂದೊಡ್ಡಿದರೆ ತುಂಬಿ ಕೊಡುತ್ತಿದ್ದಳು. ಒಂದೇ ತೊಂದರೆ ಎಂದರೆ ಅದು ಕಾರ್ತಿಕ ಮಾಸ. ಚಾತುರ್ಮಾಸ್ಯದ ಈ ಕೊನೆಯ ವ್ರತ ಮುಗಿದು ಉತ್ಥಾನ ದ್ವಾದಶಿಯಂದು ದೇವರು ನಿದ್ದೆಯಿಂದ ಏಳುವವರೆಗೆ ಆ ಮನೆಯ ಒಲೆಯ ಮೇಲೆ ಬೇಳೆ ಏರುವುದಿಲ್ಲ. ಗೊಜ್ಜಿನ ಪುಡಿಗೋ ಕಡಲೆಬೇಳೆಯೂ ಬೇಕು, ಉದ್ದಿನಬೇಳೆಯೂ ಬೇಕು.

“ದೇವರು ಏಳೋ ಅಷ್ಟರಲ್ಲಿ ನನ್ನ ಟಿಕೆಟ್ ರೇಟೂ ಎದ್ದು ಕೂತಿರುತ್ತೆ ಅತ್ತೆ,” ಎಂದಳು ವೃಂದಾ.

“ಏಳಲಿ. ಅಷ್ಟರಲ್ಲಿ ನೀನು ಆರ್ಡರ್ ತೊಗೋ.”

ಆರ್ಡರ್ ತೆಗೆದುಕೊಂಡವರು ಹರಿದಾಸರು. ನಿವೃತ್ತಿಯ ಬಳಿಕ ಇಷ್ಟು ಉತ್ಸಾಹದಿಂದ ಅವರು ಫೋನು ಹಿಡಿದದ್ದನ್ನು ಜಯಲಕ್ಷ್ಮಿ ನೋಡಿರಲಿಲ್ಲ. ತಮಿಳಿನಲ್ಲಿ, ಕನ್ನಡದಲ್ಲಿ, ಒಬ್ಬ ಹಳೆಯ ಮೇಲಧಿಕಾರಿಯ ಹತ್ತಿರ ಇಂಗ್ಲಿಷಿನಲ್ಲಿ, ಹೆಂಡತಿಯ ಗೊಜ್ಜನ್ನೂ ಮಡಗಾಸ್ಕರಿನ ಕಪ್ಪೆಯನ್ನೂ ಒಂದೇ ಉಸಿರಿನಲ್ಲಿ ಹೊಗಳಿದರು. ಕೇಳಿದವರಿಗೆ ಕಪ್ಪೆ ಎಷ್ಟು ಅರ್ಥವಾಯಿತೋ, ಗೊಜ್ಜಂತೂ ಅರ್ಥವಾಯಿತು. ದುಡ್ಡು ಮುಂಗಡವಾಗಿಯೇ ಬಂತು. ದ್ವಾದಶಿಯ ಹೊತ್ತಿಗೆ ಟಿಕೆಟ್ಟಿಗೆ ಸಾಕಾಗುವಷ್ಟು ಸೇರಿತು; ಆದರೆ ಬಾಟಲಿ ಮನೆ ಸೇರುವವರೆಗೆ ಅದನ್ನು ಮುಟ್ಟಬಾರದೆಂದು ಜಯಲಕ್ಷ್ಮಿಯ ನಿಯಮ. ತಂಡದ ಮುಖ್ಯಸ್ಥೆ ಡಿಸೆಂಬರಿನ ಮೊದಲ ವಾರದೊಳಗೆ ಟಿಕೆಟ್ಟಿನ ಪ್ರತಿ ಕಳಿಸಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದು ಬರೆದಿದ್ದಳು. ಎಲ್ಲವೂ ಹೊಂದಿಕೊಳ್ಳುತ್ತಿತ್ತು.

ಸಾಮಾನು ಹೊಂದಿಸುವಷ್ಟರಲ್ಲಿ ಮತ್ತೆ ಹತ್ತಾರು ದಿನ ಕಳೆದು, ಗೊಜ್ಜು ಕುದಿಸಿದ್ದು ಕಾರ್ತಿಕ ಬಹುಳ ದಶಮಿಯ ಮಧ್ಯಾಹ್ನ, ಮನೆಯವರ ಊಟವಾದ ಮೇಲೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಜಯಲಕ್ಷ್ಮಿ ಎಂದೂ ಮಾಡಿರಲಿಲ್ಲ. ಅವಳದು ಕೈಯಳತೆ, ವೃಂದಾಳದು ಗ್ರಾಮಿನ ಲೆಕ್ಕ. ಅತ್ತೆಯ ಒಂದು ಹಿಡಿ ಎಷ್ಟು ತೂಗುತ್ತದೆ ಎಂದು ನೋಡಿ, ಅದನ್ನು ಬಾಣಲೆಯ ಗಾತ್ರಕ್ಕೆ ಗುಣಿಸಿ, ಹುಣಸೆ, ಬೆಲ್ಲ, ಉಪ್ಪು ಎಲ್ಲವನ್ನೂ ಬೇರೆಬೇರೆ ಬಟ್ಟಲಲ್ಲಿ ತೂಗಿಟ್ಟಳು.

“ಇದು ಕಪ್ಪೆ ತೂಗೋ ತಕ್ಕಡಿ ಅಲ್ಲ ತಾನೇ?”

“ಸತ್ಯಮಾ ಇಲ್ಲ ಅತ್ತೆ. ಹೊಸದು.”

ಅಡುಗೆಯ ಹೊತ್ತಿನಲ್ಲಿ ಜಯಲಕ್ಷ್ಮಿ ಮಾತಾಡುವುದಿಲ್ಲ. ಮನಸ್ಸಿನಲ್ಲೇ ಸ್ತೋತ್ರ ನಡೆಯುತ್ತಿರುತ್ತದೆ. ರುಚಿಯನ್ನೂ ನೋಡುವುದಿಲ್ಲ. ಒಲೆಯಿಂದ ಇಳಿದದ್ದು ಮೊದಲು ದೇವರಿಗೆ. ಅದಕ್ಕೂ ಮುಂಚೆ ಸೌಟಿನ ತುದಿ ನಾಲಿಗೆಗೆ ತಾಗಿತೆಂದರೆ ಅದು ಎಂಜಲು. ಮದುವೆಯಾಗಿ ಬಂದ ವರ್ಷ ತನ್ನ ಅತ್ತೆ ಕಲಿಸಿದ ಪಾಠ ಅದು. ಉಪ್ಪು ಎಷ್ಟಿದೆ ಎಂಬುದು ಕುದಿಯುವ ಸದ್ದಿನಲ್ಲಿ, ಹಬೆಯ ವಾಸನೆಯಲ್ಲಿ ಗೊತ್ತಾಗಬೇಕು. ಅವಳಿಗೆ ಗೊತ್ತಾಗುತ್ತಿತ್ತು ಕೂಡ. ಆದರೆ ಅದು ಮನೆಯ ಪಾತ್ರೆಯ ಮಟ್ಟಿಗೆ.

ಹುಣಸೆರಸ ಮಗುಚಿಕೊಂಡು ಕುದಿಯುವಾಗ ಅಭ್ಯಾಸದ ಬಲದಿಂದ ಅವಳ ಕೈ ತಾನಾಗಿ ಉಪ್ಪಿನ ಭರಣಿಗೆ ಹೋಯಿತು. ಹಿಡಿ ಹಿಡಿಯಾಗಿ ಎಣಿಸಿ ಹಾಕಿದಳು. ವೃಂದಾ ಆಗ ಹಿಂದಿನ ಕೋಣೆಯಲ್ಲಿ ಪುಡಿ ಮಾಡುತ್ತಿದ್ದಳು. ಹಾಕಿ ಮುಗಿಯುವಷ್ಟರಲ್ಲಿ ಬಾಗಿಲ ಗಂಟೆ. ಪುರಸೈವಾಕ್ಕಮಿನ ಅಂಗಡಿಯಿಂದ ಬಾಟಲಿಗಳು ಬಂದಿದ್ದವು. ಎಲ್ಲಿ ಇಳಿಸಬೇಕೆಂದು ಕೈಸನ್ನೆಯಲ್ಲಿ ತೋರಿಸಲು ಜಯಲಕ್ಷ್ಮಿ ನಡುಮನೆಯವರೆಗೆ ಹೋದಳು. ಆಗ ಒಳಗೆ ಬಂದ ವೃಂದಾ, ಬಟ್ಟಲಲ್ಲಿ ತೂಗಿಟ್ಟ ಉಪ್ಪು ಹಾಗೇ ಇರುವುದನ್ನು ಕಂಡಳು. ಗೊಜ್ಜು ಕುದಿಯುತ್ತಿತ್ತು. ಅಡುಗೆ ಮುಗಿಯುವವರೆಗೆ ಅತ್ತೆಯನ್ನು ಕೇಳುವ ಹಾಗಿಲ್ಲ. ಅವಳು ಉಪ್ಪನ್ನು ಸುರಿದು, ಚೆನ್ನಾಗಿ ಕಲಕಿದಳು. ಹಿಂದಿರುಗಿದ ಜಯಲಕ್ಷ್ಮಿ ಖಾಲಿ ಬಟ್ಟಲನ್ನು ನೋಡಿ, ಹುಡುಗಿ ಜಾಣೆ, ಬೇಡದ ಉಪ್ಪನ್ನು ಭರಣಿಗೆ ಹಾಕಿಟ್ಟಿದ್ದಾಳೆ ಅಂದುಕೊಂಡಳು.

ಸಂಜೆ ಒಂದು ಚಮಚ ಗೊಜ್ಜು ತುಳಸಿಯೊಂದಿಗೆ ದೇವರ ಮುಂದೆ ಹೋಯಿತು. ದಶಮಿಯ ರಾತ್ರಿ ಊಟವಿಲ್ಲ. ಮಾರನೆಯ ದಿನ ಏಕಾದಶಿ, ನೀರೂ ಇಲ್ಲ. ಹೊರಗೆ ಕಾಡಿನಲ್ಲಿರುವಾಗ ಏಕಾದಶಿಯನ್ನು ಲೆಕ್ಕಕ್ಕಿಡದ ವೃಂದಾ, ತನಗಾಗಿ ದುಡಿಯುವ ಅತ್ತೆ ಹಸಿದಿರುವಾಗ ತಾನು ತಿನ್ನುವುದು ಹೇಗೆ ಎಂದು ಉಪವಾಸವಿದ್ದಳು. ಹೀಗೆ ಮೂವರು ಉಪವಾಸಿಗರು ಸೇರಿ ದಿನವಿಡೀ ಬಾಟಲಿ ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಸಂಜೆಯೊಳಗೆ ಸ್ಕೂಟರಿನಲ್ಲಿ ಅರ್ಧ, ಡೆಲಿವರಿಯವರ ಕೈಯಲ್ಲಿ ಅರ್ಧ, ಊರಿಗೆಲ್ಲ ಗೊಜ್ಜು ಹಂಚಿದರು.

ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಕೂತಾಗ ಜಯಲಕ್ಷ್ಮಿ ಹುಡುಗಿಯ ಆಸೆಗೆಂದು ಒಂದಿಷ್ಟು ಅನ್ನಕ್ಕೆ ಗೊಜ್ಜು ಕಲಸಿ ಬಡಿಸಿದಳು. ವೃಂದಾ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದಳು. ಹರಿದಾಸರು ನೀರಿನ ಲೋಟಕ್ಕೆ ಕೈ ಹಾಕಿದರು. ಜಯಲಕ್ಷ್ಮಿ ತಾನೂ ಒಂದು ತುತ್ತು ತಿಂದಳು.

ಮೂವರೂ ನೀರು ಕುಡಿದರು. ಆಮೇಲೆ ವೃಂದಾ ಮೆಲ್ಲಗೆ, “ಅತ್ತೆ, ನೀವು ಉಪ್ಪು ಹಾಕಿದ್ರಾ?” ಎಂದಳು.

“ಹಾಕಿದೆ. ನೀನು?”

“ನಾನೂ.”

ಹರಿದಾಸರು ಲೋಟ ಕೆಳಗಿಟ್ಟು ದೇವರ ಕೋಣೆಯ ಕಡೆ ನೋಡಿದರು. “ಅವನಿಗೆ ಮೊನ್ನೆಯೇ ಗೊತ್ತಿತ್ತು. ಹೇಳಲಿಲ್ಲ ನೋಡು.”

ಜಯಲಕ್ಷ್ಮಿಗೆ ನಗು ಬರಲಿಲ್ಲ. ಇಷ್ಟು ವರ್ಷ ನಾಲಿಗೆಗೆ ತಾಗಿಸದೆ ಅಡುಗೆ ಮಾಡಿ ಒಂದು ದಿನವೂ ತಪ್ಪಿರಲಿಲ್ಲ ಎಂಬುದೇ ಅವಳ ಒಳಗಿನ ಹೆಮ್ಮೆಯಾಗಿತ್ತು. ಈಗ ಊರಿನ ಮನೆಮನೆಯಲ್ಲಿ ಅವಳ ಹೆಸರಿನ ಚೀಟಿ ಅಂಟಿಸಿಕೊಂಡು ಉಪ್ಪಿನ ಗೊಜ್ಜು ಕೂತಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು: ದುಡ್ಡು ಹಿಂದೆ ಕೊಟ್ಟರೆ ಟಿಕೆಟ್ಟಿಲ್ಲ. ಟಿಕೆಟ್ಟಿಲ್ಲದಿದ್ದರೆ ಹುಡುಗಿಯ ಜಾಗ ಬೇರೆಯವರಿಗೆ.

“ಒಂದು ಕೆಲಸ ಮಾಡು,” ಎಂದರು ಹರಿದಾಸರು ವೃಂದಾಳಿಗೆ. “ಟಿಕೆಟ್ ಮೊದಲು ತೊಗೊಂಬಿಡು. ಕಂಪ್ಲೇಂಟ್ ಬಂದವರಿಗೆ ಆಮೇಲೆ ನೋಡಿಕೊಂಡರಾಯ್ತು. ಅರ್ಧ ಜನ ಹೇಳೋದೇ ಇಲ್ಲ.”

ಒಂದು ಕ್ಷಣ ಜಯಲಕ್ಷ್ಮಿಗೂ ಹಾಗೇ ಅನಿಸಿತು. ಅನಿಸಿತೆಂದು ಗೊತ್ತಾಗಿ ನಾಚಿಕೆಯಾಯಿತು. ಲ್ಯಾಬಿನಲ್ಲಿ ಎಷ್ಟು ಹುಡುಗಿಯರಿಗೆ ಹೇಳಿದ್ದಾಳೆ ಅವಳು, ಬ್ಯೂರೆಟ್ಟಿನಲ್ಲಿ ಕಂಡದ್ದನ್ನು ಬರೆಯಿರಿ, ಬರಬೇಕಾಗಿದ್ದದ್ದನ್ನಲ್ಲ ಎಂದು.

“ಇಲ್ಲ ಮಾವ,” ಎಂದು ವೃಂದಾ ಆಗಲೇ ಫೋನು ತೆಗೆದಿದ್ದಳು. “ಎಲ್ಲಾರಿಗೂ ಮೆಸೇಜ್ ಹಾಕ್ತೀನಿ. ಉಪ್ಪು ಎರಡು ಸಲ ಬಿದ್ದಿದೆ, ತಪ್ಪು ನಮ್ಮದು, ದುಡ್ಡು ವಾಪಸ್ ಕೊಡ್ತೀವಿ ಅಂತ. ಬಿ.ಪಿ. ಇರೋರು ತಿಂದ್ಬಿಟ್ರೆ?” ಅವಳ ಧ್ವನಿ ಗಟ್ಟಿಯಾಗಿತ್ತು. ಬೆರಳು ಮಾತ್ರ ತಪ್ಪು ಅಕ್ಷರಗಳನ್ನೇ ಒತ್ತುತ್ತಿತ್ತು.

“ನಿಲ್ಲು,” ಎಂದಳು ಜಯಲಕ್ಷ್ಮಿ. “ಉಪ್ಪು ಎರಡು ಪಾಲು ಅಂದರೆ ಸರಿಯಾಗಿ ಎರಡೇ ತಾನೇ? ನನ್ನ ಹಿಡೀನೇ ನೀನು ತೂಗಿದ್ದು.”

“ಹೌದು.”

“ಹಾಗಾದ್ರೆ ಅಷ್ಟೇ ಗೊಜ್ಜು ಇನ್ನೊಂದು ಸಲ ಮಾಡೋಣ. ಉಪ್ಪೇ ಹಾಕದೆ. ಎರಡನ್ನೂ ಸಮಸಮ ಬೆರೆಸಿದರೆ ಸರಿ ಹೋಗುತ್ತೆ. ಒಂಬತ್ತನೇ ಕ್ಲಾಸಿನ ಲೆಕ್ಕ. ದುಡ್ಡು ಬೇಕು ಅಂದೋರಿಗೆ ದುಡ್ಡು. ಮಿಕ್ಕವರಿಗೆ ಬಾಟಲಿ.”

“ಸಾಮಾನಿಗೆ ಟಿಕೆಟ್ ದುಡ್ಡು ಮುರೀಬೇಕಾಗುತ್ತೆ ಅತ್ತೆ.”

“ಮುರಿ.”

ಮೆಸೇಜಿಗೆ ಉತ್ತರಗಳು ಬರತೊಡಗಿದವು. ಒಬ್ಬರು ಇನ್ನೂ ತೆರೆದಿಲ್ಲವೆಂದರು. ಒಬ್ಬರು ಎರಡು ಹೊತ್ತು ಅದನ್ನು ಉಪ್ಪಿನಕಾಯಿಯೆಂದುಕೊಂಡು ಮೊಸರನ್ನಕ್ಕೆ ಹಚ್ಚಿಕೊಂಡಿದ್ದರು. ಸೋಮವಾರ ಎರಡನೆಯ ಬಾಣಲೆ ಏರಿತು. ಉಪ್ಪಿನ ಭರಣಿಯನ್ನು ಹರಿದಾಸರು ತಮ್ಮ ಬಟ್ಟೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಂಗಳವಾರ ಜಯಲಕ್ಷ್ಮಿ ಒಂಬತ್ತು ಗಜದ ಸೀರೆಯನ್ನು ಬದಲಿಸಿ ಸಾದಾ ಸೀರೆ ಉಟ್ಟು, ವೃಂದಾಳ ಸ್ಕೂಟರಿನ ಹಿಂದೆ ಕೂತಳು. ಡೆಲಿವರಿಯವರ ಕೈಯಲ್ಲಿ ಬಾಟಲಿ ಕಳಿಸಬಹುದು, ತಪ್ಪಿನ ಮಾತು ಕಳಿಸಲಾಗುವುದಿಲ್ಲ ಎಂದು ಅವಳ ವಾದ.

ಮೊದಲು ಅಡ್ಯಾರು. ಶ್ರೀಪ್ರಿಯಾ ಎಂಬ ಆಡಿಟರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿದ್ದ ಕನ್ನಡ ಮನೆತನ. ಮಾತು ಅರ್ಧ ತಮಿಳಿಗೆ ತಿರುಗಿತ್ತು. “ಪರವಾಯಿಲ್ಲೆ ಮಾಮಿ. ಆದ್ರೆ ನಮ್ಮತ್ತೆಗೆ ಉಪ್ಪು ಆಗಲ್ಲ. ದುಡ್ಡೇ ಕೊಟ್ಟುಬಿಡಿ,” ಎಂದರು. ವೃಂದಾ ಅಲ್ಲೇ ನಿಂತು ಫೋನಿನಲ್ಲಿ ಹಣ ಹಿಂದಿರುಗಿಸಿದಳು. ಮೆಟ್ಟಿಲಿಳಿಯುವಾಗ ಜಯಲಕ್ಷ್ಮಿ, “ನ್ಯಾಯ ಅದು,” ಎಂದಳು. ವೃಂದಾ ಹೌದೆಂದು ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಂಡಳು. ಮುಂದಿನ ಮನೆಯಲ್ಲೂ ದುಡ್ಡೇ ಕೇಳಿದರು. ಅದರ ಮುಂದಿನ ಮನೆಯಲ್ಲಿ ಬಾಟಲಿ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಸಿಗ್ನಲ್ಲಿನಲ್ಲಿ ನಿಂತಾಗ ಹುಡುಗಿಯ ಬೆನ್ನು ನೋಡುತ್ತ ಜಯಲಕ್ಷ್ಮಿಗೆ, ಇನ್ನು ಎರಡು ಮೂರು ಮನೆ ಹೀಗೇ ಆದರೆ ಮುಗಿಯಿತು ಎಂದು ಲೆಕ್ಕ ಸಿಕ್ಕಿತು.

ಪುರಸೈವಾಕ್ಕಮಿನಲ್ಲಿ ಬಟ್ಟೆಯಂಗಡಿಗಳ ಗದ್ದಲದ ಹಿಂದಿನ ಓಣಿಯಲ್ಲಿ ಪದ್ಮನಾಭ ಎಂಬ ಎಂಜಿನಿಯರನ ಮನೆ. ಮಂಡ್ಯದ ಕಡೆಯವನು, ಮದರಾಸಿಗೆ ಬಂದು ವರ್ಷವಾಗಿತ್ತು. ಬಾಗಿಲು ತೆರೆದದ್ದು ಅವನ ತಾಯಿ ಸಣ್ಣಮ್ಮ. ಕನ್ನಡ ಕಿವಿಗೆ ಬಿದ್ದದ್ದೇ ಆಕೆ ಬಾಗಿಲನ್ನು ಪೂರ್ತಿ ತೆರೆದಳು.

“ಬನ್ರವ್ವ ಒಳೀಕೆ. ಗೊಜ್ಜಿನೋರಾ? ಮಗ ಆಪೀಸ್ಗೋಗವ್ನೆ. ಉಪ್ಪು ವಸಿ ಜಾಸ್ತಿ ಆಗಿತ್ತು ಕನವ್ವ. ಮದ್ರಾಸ್ನೋರ್ ಗೊಜ್ಜು ಇಂಗೇ ಇರ್ಬೋದು ಅನ್ಕಂಡು ತಿಂದೋ.”

“ಇಲ್ಲಮ್ಮ, ನಮ್ಮ ತಪ್ಪು,” ಎಂದು ಜಯಲಕ್ಷ್ಮಿ ಎರಡನೆಯ ಬಾಟಲಿ ಕೊಟ್ಟು, ಸಮಸಮ ಬೆರೆಸುವುದನ್ನು ವಿವರಿಸಿದಳು.

“ಅದೆಂಗೆ ಸರ್ಯೋಯ್ತದೆ? ಬೆರ್ಸಿ ತೋರ್ಸಿ ಮತ್ತೆ. ಬಿಸಿ ಅನ್ನ ಅದೆ.”

ಕೇಳುವಷ್ಟರಲ್ಲೇ ತಟ್ಟೆ ಬಂದಿತ್ತು. ಜಯಲಕ್ಷ್ಮಿ ಎರಡೂ ಬಾಟಲಿಗಳಿಂದ ಒಂದೊಂದು ಚಮಚ ಹಾಕಿ ಕಲಸಿದಳು. ಸಣ್ಣಮ್ಮ ಒಂದು ತುತ್ತು ತಿಂದು, ಇನ್ನೊಂದು ತಿಂದು, ತಟ್ಟೆಯನ್ನು ಅವರ ಕಡೆಗೆ ಸರಿಸಿದಳು. “ನಂಗೆ ಸರ್ಯಾಗದೆ ಅನ್ಸುತ್ತೆ. ನೀವೂ ನೋಡಿ.”

ಜಯಲಕ್ಷ್ಮಿ ಪರರ ಮನೆಯಲ್ಲಿ ಉಣ್ಣುವವಳಲ್ಲ. ಮದುವೆಮನೆಯಲ್ಲೂ ಅಡುಗೆ ಯಾರದೆಂದು ಕೇಳಿಯೇ ಎಲೆಯ ಮುಂದೆ ಕೂರುವವಳು. ಅದು ವೃಂದಾಳಿಗೆ ಗೊತ್ತು. “ಕುಡುಂಗೊ ಅತ್ತೆ, ನಾನ್ ಪಾಕ್ಕರೇನ್,” ಎಂದು ಮೆಲ್ಲಗೆ ತಮಿಳಿನಲ್ಲಿ ಹೇಳಿ, ರುಚಿ ತಾನು ನೋಡುತ್ತೇನೆಂದು ತಟ್ಟೆಗೆ ಕೈ ಚಾಚಿದಳು.

“ನಿನಗೆಲ್ಲಿ ಉಪ್ಪಿನ ಅಂದಾಜು? ನಾನೇ ನೋಡಬೇಕು,” ಎಂದಳು ಜಯಲಕ್ಷ್ಮಿ. ಬೇರೆ ತಟ್ಟೆಯಲ್ಲಿ ಸಣ್ಣಮ್ಮ ಬಡಿಸಿದ ಬಿಸಿ ಅನ್ನಕ್ಕೆ ಗೊಜ್ಜು ಕಲಸಿ, ಒಂದು ತುತ್ತಲ್ಲ, ಮೂರು ತುತ್ತು ತಿಂದಳು. ಉಪ್ಪು ಸರಿಯಾಗಿತ್ತು. ಹುಳಿ, ಖಾರ, ಬೆಲ್ಲ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ವೃಂದಾ ಅತ್ತೆಯನ್ನೇ ನೋಡುತ್ತಿದ್ದಳು. ಜಯಲಕ್ಷ್ಮಿ ಅವಳ ಕಡೆ ತಿರುಗಲಿಲ್ಲ.

“ಅದ್ಸರಿ, ಈ ಗೊಜ್ಜು ಮಾರಿ ಕಪ್ಪೆ ನೋಡಕ್ಕೆ ಓಯ್ತಾಳಂತೆ ಈ ಮಗಾ,” ಎಂದಳು ಸಣ್ಣಮ್ಮ. “ಪದ್ಮನಾಬ ಏಳ್ತಿದ್ದ. ಅದ್ಕೆ ಇಮಾನ ಯಾಕವ್ವ? ನಮ್ಮೂರ್ ಕೆರೇಲಿ ಬುಟ್ಟಿಗಟ್ಲೆ ಅವೆ.”

ವೃಂದಾ ತಟ್ಟೆಯ ಪಕ್ಕ ನೆಲದ ಮೇಲೆಯೇ ಕೂತಳು. ತನ್ನ ಅರೆತಮಿಳು ಕನ್ನಡದಲ್ಲಿ ಹೇಳತೊಡಗಿದಳು. ಆ ಕಪ್ಪೆ ಅಲ್ಲಿನ ಒಂದೆರಡು ಗುಡ್ಡ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಬಿದಿರಿನ ಸಂದಿನಲ್ಲಿ ನಿಂತ ಒಂದು ಹಿಡಿ ನೀರಿನಲ್ಲಿ ಅದರ ಸಂಸಾರ. ಕಾಡು ಕಡಿದರೆ ಬಿದಿರೂ ಹೋಯಿತು, ಕಪ್ಪೆಯೂ ಹೋಯಿತು. ಮಳೆಯಲ್ಲಿ ನಿಂತು ಅದರ ಕೂಗು ಕೇಳಿ, ಇಲ್ಲಿದೆ, ಇಲ್ಲಿಲ್ಲ ಎಂದು ಗುರುತು ಹಾಕಿದರೆ, ಯಾವ ಗುಡ್ಡವನ್ನು ಮೊದಲು ಉಳಿಸಬೇಕೆಂದು ಗೊತ್ತಾಗುತ್ತದೆ. ಹೇಳುತ್ತ ಹೇಳುತ್ತ ಅವಳು ಆ ಕೂಗನ್ನೇ ಕೂಗಿಬಿಟ್ಟಳು. ಸಣ್ಣ ಗಾಜಿನ ಬಳೆ ತಾಗಿಸಿದಂಥ ಸದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಜಯಲಕ್ಷ್ಮಿ ಅದನ್ನು ಕೇಳಿರಲಿಲ್ಲ. ಕೇಳಿರಲಿಲ್ಲ ಎನ್ನುವುದಕ್ಕಿಂತ, ಕೂಗಿ ತೋರಿಸು ಎಂದು ಕೇಳಿಕೊಂಡಿರಲಿಲ್ಲ.

“ಒಂದಿಡಿ ನೀರ್ನಾಗೆ ಸಂಸಾರ,” ಎಂದಳು ಸಣ್ಣಮ್ಮ. ಎದ್ದು ಒಳಗೆ ಹೋಗಿ, ಎಲೆಯಡಿಕೆಯ ಮೇಲೆ ಮಡಿಸಿದ ನೋಟುಗಳನ್ನಿಟ್ಟು ತಂದಳು. “ತಕ.”

“ಬೇಡಮ್ಮ, ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ,” ಎಂದಳು ಜಯಲಕ್ಷ್ಮಿ.

“ಅದು ಗೊಜ್ಜಿಂದು. ಇದು ಮುಯ್ಯಿ. ಮಳೆ ಬರ್ದಿದ್ ವರ್ಸ ನಮ್ಮೂರ್ನಾಗೆ ಕಪ್ಪೆ ಮದ್ವೆ ಮಾಡ್ತಿದ್ರು. ನಾನು ಗಂಡಿನ ಕಡೆಯೋಳು, ಮುಯ್ಯಿ ಓದ್ಸಿವ್ನಿ. ಮುಯ್ಯಿ ಅಂದ್ರೆ ಗೊತ್ತಲ್ಲ ಮಗಾ? ಸುಮ್ನೆ ತಕಂಡ್ ಓಗಂಗಿಲ್ಲ. ತಿರುಗ್ಸಬೇಕು. ನೀನು ಬಂದ್ಬುಟ್ಟು, ಆ ಸಂಸಾರ ಎಂಗದೆ ಅಂತ ನಂಗೇಳ್ಬೇಕು.”

ವೃಂದಾ ಎರಡೂ ಕೈ ಒಡ್ಡಿ ತೆಗೆದುಕೊಂಡಳು.

ಸ್ಕೂಟರ್ ಓಣಿ ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಜಯಲಕ್ಷ್ಮಿ ಹಿಂದಿನಿಂದ ಹೇಳಿದ್ದು ಒಂದೇ ಮಾತು: “ಅನ್ನ ಉದುರುದುರಾಗಿ ಮಾಡ್ತಾರೆ ಆಕೆ.”

“ಅತ್ತೆ, ಸ್ನಾನ ಮಾಡ್ತೀರಾ ಮನೆಗೆ ಹೋಗಿ?”

“ಬೆವರಿದೆ, ಮಾಡ್ತೀನಿ. ನೀನು ರಸ್ತೆ ನೋಡಿ ಓಡಿಸು.”

ಅಲ್ಲಿಂದ ಮುಂದೆ ಬಾಟಲಿ ಕೊಟ್ಟು ಬರುವ ಕೆಲಸ ನಿಧಾನವಾಯಿತು. ಬಾಗಿಲಲ್ಲಿ ತಪ್ಪೊಪ್ಪಿಕೊಂಡ ಮೇಲೆ ಜಯಲಕ್ಷ್ಮಿಯೇ, “ಕಪ್ಪೆ ಹೇಗೆ ಕೂಗುತ್ತೆ ಹೇಳೇ,” ಎಂದು ಹುಡುಗಿಯನ್ನು ಮುಂದೆ ತಳ್ಳುತ್ತಿದ್ದಳು. ಕೂಗು ಕೇಳಿದವರು ಒಳಗೆ ಕರೆದರು. ಮುಯ್ಯಿಯ ಕತೆಯನ್ನೂ ಅವಳೇ ಹೇಳಿದಳು, ಸಣ್ಣಮ್ಮನ ಹೆಸರು ಸಮೇತ. ದುಡ್ಡು ಹಿಂದೆ ಕೇಳಿದವರು ಇನ್ನೂ ಇದ್ದರು. ಮುಗುಳ್ನಕ್ಕು ಸುಮ್ಮನಾದವರೂ ಇದ್ದರು. ಆದರೆ ಇಂಟರ್‌ನೆಟ್ಟಿನ ಪುಟಕ್ಕೆ ಹೃದಯವನ್ನಷ್ಟೇ ಕಳಿಸಿದ್ದ ಅದೇ ಜನ, ಹುಡುಗಿ ತಮ್ಮ ನಡುಮನೆಯಲ್ಲಿ ಕೂತು ಕೂಗಿದಾಗ ಪರ್ಸು ಹುಡುಕಿದರು. ಆಫೀಸಿನ ಗೋಸುಂಬೆಯ ಮಾತಾಡಿದ್ದ ಸೋದರಸಂಬಂಧಿ, ತನಗೆ ಗೋಸುಂಬೆಯ ವಿಷಯ ಹೇಳಬೇಕು, ಕಪ್ಪೆ ಬೇಡ ಎಂಬ ಷರತ್ತಿನ ಮೇಲೆ ಕೊಟ್ಟ. ಕೊಟ್ಟವರಿಗೆಲ್ಲ ವೃಂದಾ, ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟಳು.

ಶುಕ್ರವಾರ ಸಂಜೆ ಮೂವರೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಮೊದಲು ನೋಡಿಟ್ಟಿದ್ದ ಒಳ್ಳೆಯ ಟಿಕೆಟ್ಟಿಗೆ ಹಣ ಸಾಲಲಿಲ್ಲ. ದಾರಿಯಲ್ಲಿ ಒಂದು ವಿಮಾನ ನಿಲ್ದಾಣದಲ್ಲಿ ಹಗಲೂ ರಾತ್ರಿಯೂ ಕಾದು ಕೂರಬೇಕಾದ ಇನ್ನೊಂದಕ್ಕೆ ಸಾಕಾಗಿ, ಒಂದಿಷ್ಟು ಉಳಿಯಿತು.

“ಅಷ್ಟು ಹೊತ್ತು ಬೆಂಚಿನ ಮೇಲೆ ಏನು ಮಾಡ್ತೀ?” ಎಂದರು ಹರಿದಾಸರು. “ನಾನು ಬೇಕಾದ್ರೆ—”

“ಬೇಡ ಮಾವ. ಕಾಯೋದೇ ನಮ್ಮ ಕೆಲಸ. ಒಂದು ಕಪ್ಪೆಗೆ ಮೂರು ರಾತ್ರಿ ಕಾದಿದ್ದೀನಿ, ಒಂದು ಫ್ಲೈಟಿಗೆ ಕಾಯಲ್ವಾ?”

ವೃಂದಾ ಒತ್ತುವ ಮುಂಚೆ ಜಯಲಕ್ಷ್ಮಿ ಅವಳ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು, ಉತ್ತರಪತ್ರಿಕೆ ತಿದ್ದುವಂತೆ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿದಳು. “ಸರಿ ಇದೆ. ಒತ್ತು,” ಎಂದಳು.

ಟಿಕೆಟ್ಟು ಬಂತು. ವೃಂದಾ ಅದನ್ನು ತಂಡಕ್ಕೆ ಕಳಿಸಿ, ಕುರ್ಚಿಯಿಂದೆದ್ದು ಅತ್ತೆಯ ಹೆಗಲಿಗೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಮಡಿಯಲ್ಲಿದ್ದೇನೆ, ಮುಟ್ಟಬೇಡ ಎಂದು ಜಯಲಕ್ಷ್ಮಿ ಹೇಳಲಿಲ್ಲ. ಮಡಿಯಲ್ಲೇ ಇದ್ದಳು.

ಆಮೇಲೆ ಅವಳು ಕೊಟ್ಟವರಿಗೆಲ್ಲ ತಾನೇ ಫೋನು ಮಾಡಿದಳು. ಟಿಕೆಟ್ ಆಯಿತು, ಹೊರಟಳು. ಒಬ್ಬರಿಗೆ ತಮಿಳಿನಲ್ಲಿ ಹೇಳಿದಳು, ಒಬ್ಬರಿಗೆ ಕನ್ನಡದಲ್ಲಿ. ಕೊಡದಿದ್ದರೂ ಅಡ್ಯಾರಿನ ಶ್ರೀಪ್ರಿಯಾಗೂ ಹೇಳಿದಳು. ಆಕೆ, “ರೊಂಬ ಸಂತೋಷಂ ಮಾಮಿ, ಹುಡುಗಿ ಬಂದ ಮೇಲೆ ನಮ್ಮನೇಗೂ ಕರಕೊಂಡು ಬನ್ನಿ,” ಎಂದರು. ಪ್ರತಿ ಸಲ ಹೇಳುವಾಗಲೂ ಜಯಲಕ್ಷ್ಮಿಯ ಧ್ವನಿಯಲ್ಲಿ ಗೆದ್ದ ಹುರುಪು.

ಕೊನೆಯ ಫೋನು ಸಣ್ಣಮ್ಮನಿಗೆ.

“ಒಂಟ್ಳಾ? ಒಳ್ಳೇದಾಯ್ತು ಬುಡಿ,” ಎಂದಳು ಸಣ್ಣಮ್ಮ. “ಎಂದ್ ಬತ್ತಾಳೆ?”

“ಫೆಬ್ರವರಿ ಕೊನೇಲಿ.”

“ಅಲ್ಲೀಗಂಟ ಮನೆ ಬಣ ಬಣ ಅಂತದಲ್ಲವ್ವ ನಿಮ್ಗೆ.”

ಜಯಲಕ್ಷ್ಮಿ ಫೋನು ಹಿಡಿದೇ ನಡುಮನೆಯ ಕಡೆ ನೋಡಿದಳು. ವೃಂದಾ ನೆಲದ ಮೇಲೆ ನಕ್ಷೆ ಹರಡಿಕೊಂಡು ಮಾವನಿಗೆ ಏನೋ ತೋರಿಸುತ್ತಿದ್ದಳು; ಅವರು ಕನ್ನಡಕವನ್ನು ಹಣೆಗೇರಿಸಿ, ಅಷ್ಟು ದೂರದ ಗುಡ್ಡಕ್ಕೂ ಒಂದು ಸಲಹೆ ಕೊಡುತ್ತಿದ್ದರು. ಹುಡುಗಿಯನ್ನು ಕಳಿಸುವುದು ಹೇಗೆಂದು ಇಷ್ಟು ದಿನ ಯೋಚಿಸಿದವಳಿಗೆ, ಕಳಿಸಿದ ಮೇಲಿನ ಮನೆ ಹೇಗಿರುತ್ತದೆಂದು ಯೋಚಿಸಲು ಪುರುಸೊತ್ತೇ ಆಗಿರಲಿಲ್ಲ.

“ಅನ್ನುತ್ತೆ,” ಎಂದಳು.

“ಬೇಜಾರಾದ್ರೆ ಇತ್ಲಾಗ್ ಬನ್ನಿ. ನಂಗೂ ಇಲ್ಲಿ ಮಾತಾಡಕ್ಕೆ ಯಾರವ್ರೆ?”

ಇಂಥ ಮಾತಿಗೆ ಜಯಲಕ್ಷ್ಮಿ ಸಾಮಾನ್ಯವಾಗಿ, ಆಗಲಿ ನೋಡೋಣ ಎನ್ನುವವಳು. ಈಗ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತು, ಕೊನೆಯಲ್ಲಿ ಸೇರಿಸಿದ್ದ ಹೊಸ ವರ್ಷದ ಜನವರಿಯ ಹಾಳೆ ತೆರೆದು, ಹುಡುಗಿ ಹೊರಡುವ ದಿನದ ಮೇಲೆ ಬೆರಳಿಟ್ಟು, ಅದರ ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇನೆ, ಮನೆಯಲ್ಲಿರುತ್ತೀರಾ ಎಂದು ಕೇಳಿದಳು.